ವಿಶ್ವಂಭರನೆಂಬ ಕೌದಿ

ಹೆಸರಿಡುವ ವಿದ್ಯೆಯಲ್ಲಿ ಅತನೂರಿನ ಶಾಂತಲಿಂಗಪ್ಪ ಪಂಡಿತರನ್ನು ಮೀರಿಸುವವರು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಇರಲಿಲ್ಲ. ಕೂಸು ಹುಟ್ಟಿದ ಮನೆಯವರು ಮೊದಲು ಸೂಲಗಿತ್ತಿಯನ್ನು, ಆಮೇಲೆ ಪಂಡಿತರನ್ನು ನೆನೆಯುತ್ತಿದ್ದರು. ಕೂಸಿಗೆ ಮಾತ್ರವಲ್ಲ, ಎತ್ತಿಗೆ, ಬಾವಿಗೆ, ಕಿರಾಣಿ ಅಂಗಡಿಗೆ ಕೂಡ ಅವರೇ ಹೆಸರು ಹುಡುಕಿ ಕೊಡಬೇಕು. ಕಡಗಂಚಿಯ ಸಾಹುಕಾರನೊಬ್ಬ ಹಿಟ್ಟಿನ ಗಿರಣಿ ಹಾಕಿದಾಗ ಪಂಡಿತರು ಅದಕ್ಕೆ ‘ಶ್ರೀ ಅನ್ನಪೂರ್ಣಾ ಚೂರ್ಣಮಂದಿರ’ ಎಂದು ನಾಮಕರಣ ಮಾಡಿದ್ದರು. ಫಲಕ ಓದಿದ ಜನ ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು ಹೋಗುತ್ತಾರೆ, ಜೋಳ ಬೀಸಿಸಲು ಮಾತ್ರ ಮುಂದಿನ ಊರಿಗೆ ಹೋಗುತ್ತಾರೆ ಎಂದು ಸಾಹುಕಾರ ವರ್ಷವಿಡೀ ಗೋಳಾಡಿದ. ಪಂಡಿತರು ಅದನ್ನು ತಮ್ಮ ಹೆಸರಿನ ದೋಷವೆಂದು ಎಣಿಸಲಿಲ್ಲ. ಹೆಸರು ಎತ್ತರದಲ್ಲಿರಬೇಕು, ಅದನ್ನು ಹೊತ್ತ ವಸ್ತು ಅಲ್ಲಿಯವರೆಗೆ ಬೆಳೆಯಬೇಕು ಎಂಬುದು ಅವರ ಸಿದ್ಧಾಂತ.

ಇಂಥ ಪಂಡಿತರಿಗೂ ಇನ್ನೊಂದು ಹೆಸರಿತ್ತು. ಅವರಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ಮೂರನೆಯದೂ ಕೈತಪ್ಪೀತೆಂದು ಅಂಜಿದ ಹಿರಿಯರು, ಅಜ್ಜನ ದೊಡ್ಡ ಹೆಸರನ್ನು ಕೂಸಿನ ಕಿವಿಯಲ್ಲಿ ಉಸುರಿ, ಕೂಸನ್ನು ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದರು. ತಿಪ್ಪೆಯ ಮೇಲೆ ಬಿದ್ದದ್ದರ ಮೇಲೆ ಯಾರ ಕಣ್ಣೂ ಬೀಳದು, ಮೃತ್ಯುವಿನ ಕಣ್ಣೂ ಬೀಳದು ಎಂಬುದು ನಂಬಿಕೆ. ಮೊದಲೇ ಗೊತ್ತುಮಾಡಿದಂತೆ ನಿಂಬೆವ್ವ ಬಂದು ಒಂದು ಮೊರ ತೌಡು ಕೊಟ್ಟು ಆ ಕೂಸನ್ನು ಕೊಂಡಳು. ಭೀಮೆಯ ದಂಡೆಯ ಹಟ್ಟಿಯವಳು, ಅವರ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದ ಎಳೆಯ ಬಾಣಂತಿ. ಕೊಂಡವಳು ‘ತಿಪ್ಪ್ಯಾ’ ಎಂದು ಕರೆದಳು. ಹೆತ್ತವಳ ಎದೆ ಬತ್ತಿದಾಗ ಹಾಲನ್ನೂ ಅವಳೇ ಕೊಟ್ಟಳು. ಜಾತಿಯ ಮಾತು ತೆಗೆದ ಹಿರಿಯರಿಗೆ ಪಂಡಿತರ ತಂದೆ, “ಹಸಿದ ಕೂಸಿಗಿ ಹಾಲಿನ ಕುಲ ಹೇಳಿಕೊಡ್ರಿ, ಅದು ತಿಳದು ಕುಡೀಲಿ” ಎಂದಿದ್ದರಂತೆ.

ಸೊಲ್ಲಾಪುರದ ಪಾಠಶಾಲೆಯಿಂದ ಬಿರುದು ಹೊತ್ತು ಮರಳಿದ ಮಗನನ್ನು ನಿಂಬೆವ್ವ ಆ ದಿನದಿಂದ ‘ಪಂಡಿತಪ್ಪಾರು’ ಎಂದಳು. ಹಾಗೆ ಕರೆಯೆಂದು ಅವರು ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹಳೆಯ ಹೆಸರನ್ನು ಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕೈಲಾಸವಾಸಿಗಳಾದರು. ತಿಪ್ಪ್ಯಾ ಎಂಬುವವನೊಬ್ಬ ಊರಿನಲ್ಲಿದ್ದನೆಂಬುದೇ ಊರಿಗೆ ಮರೆತುಹೋಯಿತು.

ಊರಿಗೆ ಕರೆಂಟು ಬಂದು, ಬಂದದ್ದು ನಿಲ್ಲಬೇಕೆಂಬುದನ್ನು ಇನ್ನೂ ಕಲಿಯದಿದ್ದ ಕಾಲ ಅದು. ಆ ವರ್ಷ ಭಾದ್ರಪದದಲ್ಲಿ ಭೀಮೆ ದಂಡೆ ಮೀರಿ ಬಂದು ಹಟ್ಟಿಯ ಮನೆಗಳನ್ನು ಒಯ್ದಳು. ಜನ ಉಳಿದರು, ಕೆಲವು ದನಕರು ಉಳಿದವು. ಉಳಿದವರೆಲ್ಲ ಅತನೂರಿನ ಹಳೆಯ ಚಾವಡಿಗೆ ಬಂದು ಸೇರಿದರು. ಅವರಲ್ಲಿ ಎಪ್ಪತ್ತು ದಾಟಿದ ನಿಂಬೆವ್ವನೂ ಇದ್ದಳು, ಅವಳೊಂದಿಗೆ ಒಂದು ಆಡೂ ಇತ್ತು. “ನಮ್ಮ ಮನಿಗಿ ಬಾ” ಎಂದು ಪಂಡಿತರು ಕರೆದರೆ, “ಹಟ್ಟಿ ಮಂದಿ ಎಲ್ಲಿ, ನಾ ಅಲ್ಲಿರಿ” ಎಂದುಬಿಟ್ಟಳು. ಮಾರ್ಗಶಿರದ ಹೊತ್ತಿಗೆ ಚಾವಡಿಯ ಬಾಗಿಲಿಲ್ಲದ ಪಡಸಾಲೆಯಲ್ಲಿ ಥಂಡಿ ಹಲ್ಲು ಕಟಕಟಿಸತೊಡಗಿತು. ನಿಂಬೆವ್ವನ ಕೆಮ್ಮು ಪಂಡಿತರ ಪೂಜೆಯ ಕೋಣೆಯವರೆಗೆ ಕೇಳಿಸತೊಡಗಿತು. ಅಂಗೈಯ ಲಿಂಗದ ಮೇಲೆ ನೆಟ್ಟ ದೃಷ್ಟಿ ಆ ಸದ್ದಿಗೆ ಕದಲುತ್ತಿತ್ತು.

ಪಂಡಿತರ ಪತ್ನಿ ಸುಭದ್ರಾಬಾಯಿ ಓಣಿಯ ಹೆಂಗಸರನ್ನು ಕೂಡಿಸಿ ಕೌದಿ ಹೊಲಿಯಲು ಕುಳಿತರು. ಪಿಂಜಾರರ ಖಾಸೀಂಬಿ ಅದರಲ್ಲಿ ಎಲ್ಲರಿಗೂ ಗುರು. ಮನೆಮನೆಯ ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳೆಲ್ಲ ಅವಳ ದಾರಕ್ಕೆ ಸಿಕ್ಕು ಒಂದಾದವು. ಕೊನೆಯ ಮೂಲೆ ಹೊಲಿಯುವ ಮುನ್ನ ಪ್ರತಿ ಕೌದಿಯ ಒಳಗೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಮುಚ್ಚಿದರು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಬೆಚ್ಚಗೆ ಮಾಡುವುದಿಲ್ಲ ಎಂಬುದು ಆ ಹೆಂಗಸರ ಶಾಸ್ತ್ರ. ನಡುವೆ ಕೆಂಪು ಇಳಕಲ್ ಸೀರೆಯ ತುಂಡು ಕೂಡಿಸಿದ ಒಂದು ಕೌದಿಯನ್ನು ಸುಭದ್ರಾಬಾಯಿ ಬೇರೆ ಎತ್ತಿಟ್ಟರು. ಆ ಸೀರೆ ಪಂಡಿತರ ತಾಯಿಯದು, ಆ ಕೌದಿ ನಿಂಬೆವ್ವನಿಗೆ.

ಕೆಲಸ ಕೆಟ್ಟದ್ದು ಹಂಚುವ ದಿನ. ಪಂಚಾಯಿತಿಯ ಛೇರ್ಮನ್ ಅಣ್ಣಾರಾಯ ಅಫಜಲಪುರದಿಂದ ಫೋಟೊದವನನ್ನು ಕರೆಸಿ, ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ‘ನಿರ್ಗತಿಕರಿಗೆ ಕೌದಿ ವಿತರಣೆ’ ಎಂದು ದಪ್ಪಗೆ ಬರೆಸಿ ನಿಲ್ಲಿಸಿದ್ದ. ಮೊದಲು ಕರೆದದ್ದು ನಿಂಬೆವ್ವನನ್ನು. ಅವಳು ಹಲಗೆಯನ್ನು ದಿಟ್ಟಿಸಿ ನೋಡಿದಳು.

“ಏನ್ ಬರದಾರಪ್ಪಾ ಅದರಾಗ?”

“ನಿರ್ಗತಿಕರಿಗಿ ಅಂತ ಬರದದ ಆಯಿ.”

“ಹಂಗಂದ್ರೇನು?”

“ಅಂದ್ರ… ಗತಿ ಇಲ್ಲದವರು” ಎಂದು ಅಣ್ಣಾರಾಯ ತಲೆ ಕೆರೆದ.

“ಗತಿ ಇಲ್ಲದಾಂವ ನಿಮ್ಮಪ್ಪ!” ಎಂದಳು ನಿಂಬೆವ್ವ. “ನಮಗ ಇಷ್ಟು ಮಂದಿ ಅದಾರ, ಒಂದು ಆಡ ಅದ. ಹೊಳಿ ಮನಿ ಒಯ್ದದ, ಮಾನ ಒಯ್ದಿಲ್ಲ. ಆ ಹಲಿಗಿ ಕೆಳಗ ನಿಂತು ನಾ ಫೋಟೊ ತೆಗಸ್ಕೊಳ್ಳಾಕ್ಯಲ್ಲ.”

ಪಂಡಿತರು ನಡುವೆ ಬಂದು ಕೌದಿಯನ್ನು ತಾವೇ ಚಾಚಿದರು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಪಂಡಿತಪ್ಪಾರ, ನಿಮ್ಮ ಮನಿಗಿ ನಾ ಹಾಲು ಕೊಟ್ಟಾಕಿ. ನಿಮ್ಮ ಮನಿದು ಧರ್ಮಾ ಅಂತ ಇಸ್ಕೊಳ್ಳಾಕಿ ಅಲ್ಲ.”

ಅವಳು ತೆಗೆದುಕೊಳ್ಳದ್ದನ್ನು ಹಟ್ಟಿಯ ಬೇರೆ ಯಾರೂ ತೆಗೆದುಕೊಳ್ಳಲಿಲ್ಲ. ಫೋಟೊದವನು ಅಣ್ಣಾರಾಯನದೇ ಒಂದು ಚಿತ್ರ ತೆಗೆದು ಬಸ್ಸು ಹತ್ತಿದ. ಕೌದಿಗಳು ಗಂಟಾಗಿ ಪಂಡಿತರ ಪಡಸಾಲೆಗೆ ಮರಳಿದವು. ಅಂದು ಸಂಜೆಯೂ ಚಾವಡಿಯಿಂದ ಕೆಮ್ಮು ಕೇಳಿಸಿತು.

“ದೋಷ ಕೌದಿಯಲ್ಲಿಲ್ಲ, ಹೆಸರಿನಲ್ಲಿದೆ” ಎಂದು ಪಂಡಿತರು ಗ್ರಂಥದ ಭಾಷೆಯಲ್ಲೇ ತೀರ್ಪು ಕೊಟ್ಟರು. “ಗೌರವದ ಹೆಸರೊಂದು ಸಿಕ್ಕರೆ ಅವಳು ಸ್ವೀಕರಿಸುತ್ತಾಳೆ.”

“ಹಂಗಾರ ಹುಡುಕ್ರಿ” ಎಂದರು ಸುಭದ್ರಾಬಾಯಿ. “ಊರ ಮಂದಿ ಎತ್ತಿಗಿ ಹುಡುಕ್ತೀರಿ, ನಮ್ಮ ಕೌದಿಗಿ ಹುಡುಕಾಕ ಏನಾಗ್ಯದ?”

ಪಂಡಿತರು ಕಣ್ಣು ಮುಚ್ಚಿ ಪದಗಳ ಭಂಡಾರ ತೆರೆದರು. “ಕಾಣಿಕಿ ಅಂದ್ರ?”

“ಕಾಣಿಕಿ ಸ್ವಾಮಿಗೋಳಿಗಿ ಕೊಡೂದು. ಆಕಿ ಪಾದ ತೊಳೀಬೇಕಾಗ್ತದ. ಆಕಿ ತೊಳಸ್ಕೊಳ್ಳಂಗಿಲ್ಲ.”

“ಆಯೇರಿ?”

“ಆಯೇರಿ ಅಂದ್ರ ಮದುವಿದು. ಇವತ್ತ ಇಸ್ಕೊಂಡ್ರ ನಾಳೆ ನಮ್ಮ ಮನ್ಯಾಗ ಮದುವಿ ಆದಾಗ ತಿರುಗಿ ಹಾಕ್ಬೇಕು. ಆಕಿ ಎಲ್ಲಿಂದ ಹಾಕ್ತಾಳ? ಅದಲ್ಲದ ಈಗ ಯಾರ ಮದುವಿರಿ, ನಿಮ್ಮದೇನು?”

“ಪ್ರಸಾದ.” ಪಂಡಿತರ ಮುಖ ಅರಳಿತು. “ಪ್ರಸಾದವನ್ನು ಯಾರೂ ನಿರಾಕರಿಸಲಾರರು.”

“ಹೌದ್ರಿ” ಎಂದಳು, ಸೂಜಿಗೆ ದಾರ ಪೋಣಿಸುತ್ತಿದ್ದ ಖಾಸೀಂಬಿ. “ಖರೆ, ಪ್ರಸಾದ ಒಬ್ಬರೇ ಇಟ್ಕೊಳ್ಳಾಕ ಬರಂಗಿಲ್ಲಲ್ರಿ? ಇಡೀ ಚಾವಡಿಗಿ ಹಂಚ್ತಾರ. ನಾ ಹೊಲದದ್ದು ಮತ್ತ ಚೂರುಚೂರಾಗಿ ನನ್ನ ಕಡೀನೇ ಬರ್ತದ.”

ಎಲ್ಲರೂ ನಕ್ಕರು, ಪಂಡಿತರೊಬ್ಬರು ನಗಲಿಲ್ಲ. ಖಾಸೀಂಬಿ ಕೌದಿಯೊಂದನ್ನು ತೊಡೆಯ ಮೇಲೆ ಎಳೆದುಕೊಂಡು, “ಇದರ ಹೊಟ್ಟಿ ತುಂಬಿಸೇವಿ. ಉಣ್ಣಿಸಿದ ಮ್ಯಾಲ ಇದು ಅರಿವಿ ಅಲ್ಲ, ಕೂಸ. ಕೂಸಿಗಿ ಹೆಸರ ಇಡ್ರಿ” ಎಂದು ತಮಾಷೆಗೆ ಹೇಳಿದಳು. ಸುಭದ್ರಾಬಾಯಿಯವರ ಕೈ ಮಾತ್ರ ಅಲ್ಲೇ ನಿಂತಿತು.

“ಹೌದ ನೋಡ್ರಿ! ಧರ್ಮಾ ಅಂದ್ರ ಬ್ಯಾಡ ಅಂತಾಳ. ಹೆಸರಿಟ್ಟ ಕೂಸ ತೊಟ್ಟಿಲದಾಗಿಂದ ಎತ್ತಿ ಉಡ್ಯಾಗ ಹಾಕಿದ್ರ ಬ್ಯಾಡ ಅಂತಾಳೇನು? ಯಾ ಹೆಂಗಸೂ ಅನ್ನಂಗಿಲ್ಲ.”

ಪಂಡಿತರಿಗೆ ಅದು ಹೊಳೆಯದ ಮಾರ್ಗವಾಗಿತ್ತು, ಆದರೆ ಹೊಕ್ಕ ಮೇಲೆ ಅವರನ್ನು ತಡೆಯುವವರಿರಲಿಲ್ಲ. ಪ್ರತಿ ಕೌದಿಯನ್ನೂ ಹಾಸಿ, ಬಣ್ಣ ನೋಡಿ, ತುಂಡುಗಳ ವಿನ್ಯಾಸ ನೋಡಿ, ಶಿವನ ಸಹಸ್ರ ನಾಮಗಳಿಂದ ಆರಿಸತೊಡಗಿದರು. ನೀಲಿಯೂ ಕೆಂಪೂ ಬೆರೆತದ್ದು ನೀಲಲೋಹಿತ. ತಲೆಯ ಕಡೆ ಬಿಳಿಯ ತುಂಡಿರುವುದು ಚಂದ್ರಚೂಡ. ಚರ್ಮದ ಬಣ್ಣದ ಕೋಟಿನಿಂದ ಮಾಡಿದ್ದು ಕೃತ್ತಿವಾಸ. ದಿಗಂಬರ ಎಂಬ ಹೆಸರು ಬಾಯಿಗೆ ಬಂದರೂ, ಹೊದೆಯುವ ವಸ್ತುವಿಗೆ ಅದು ಸಲ್ಲದೆಂದು ಹಿಂದಕ್ಕೆ ನುಂಗಿದರು. ಶಾಂತೇಶ ಎಂದೊಂದನ್ನು ಕರೆದಾಗ ಸುಭದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು, “ಅದು ಬ್ಯಾಡ್ರಿ, ನಮಗ ಕರಿಯಾಕ ಬರಂಗಿಲ್ಲ” ಎಂದರು. ಪತಿಯ ಹೆಸರಿನ ಅರ್ಧ ಭಾಗವೂ ಅವರ ನಾಲಗೆಗೆ ನಿಷಿದ್ಧ. ಇಳಕಲ್ ಸೀರೆಯ ಕೌದಿಗೆ ಪಂಡಿತರು ಬಹಳ ಹೊತ್ತು ಯೋಚಿಸಿ ‘ವಿಶ್ವಂಭರ’ ಎಂದರು. ವಿಶ್ವವನ್ನೇ ಹೊತ್ತು ಕಾಯುವವನು, ಒಬ್ಬ ಮುದುಕಿಯನ್ನು ಕಾಯಲಾರನೇ ಎಂಬುದು ಅವರ ತರ್ಕ.

ನಾಮಕರಣ ಚಾವಡಿಯ ಮುಂದೆಯೇ ನಡೆಯಿತು. ತೊಟ್ಟಿಲು ಕಟ್ಟಿದರು. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವುದು ಸೋದರತ್ತೆಯ ಹಕ್ಕು. ಉಸುರುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಅವರ ಹಕ್ಕು. ಪಂಡಿತರ ತಂಗಿ ಗಂಗಾಬಾಯಿ ಅದಕ್ಕಾಗಿಯೇ ಆಳಂದದಿಂದ ಬಂದಿದ್ದಳು.

“ಕೌದಿಗಿ ಕಿವಿ ಎಲ್ಲದರಿ ವೈನಿ?”

“ಈ ಮೂಲ್ಯಾಗ ಮೂರು ಮೂಲಿ ತುಂಡ ಅದಲ್ಲ, ಅದೇ ಕಿವಿ” ಎಂದು ಖಾಸೀಂಬಿ ತೋರಿಸಿದಳು.

ಗಂಗಾಬಾಯಿ ಬಗ್ಗಿ, “ಕುರ್ರ್… ನೀಲಲೋಹಿತ!” ಎಂದಳು. ಬೆನ್ನಿಗೆ ಗುದ್ದು ಬಿತ್ತು. “ಕುರ್ರ್… ಚಂದ್ರಚೂಡ!” ಮತ್ತೆ ಗುದ್ದು. ಅರ್ಧ ಕೌದಿಗಳು ಮುಗಿಯುವ ಹೊತ್ತಿಗೆ ಅವಳು ಸೊಂಟ ಹಿಡಿದು, “ಅಣ್ಣಾ, ಚೂರು ಸಣ್ಣ ಸಣ್ಣ ಹೆಸರಿಡಬೇಕಿಲ್ಲೋ? ಹೆಸರ ಮುಗಿಯೂತನಾ ಗುದ್ದತಾರ ಇವರು!” ಎಂದು ಗೋಗರೆದಳು. ಕೊನೆಗೆ ವಿಶ್ವಂಭರನ ಸರದಿ. ಸುಭದ್ರಾಬಾಯಿ ತೊಟ್ಟಿಲಿನಿಂದ ಎತ್ತಿ ನಿಂಬೆವ್ವನ ಉಡಿಯಲ್ಲಿ ಹಾಕಿದರು.

“ತಗೋಬೇ ಯವ್ವಾ, ವಿಶ್ವಂಭರ ಬಂದಾನ.”

ನಿಂಬೆವ್ವ ಬೆಚ್ಚಿ ಕೈ ಜೋಡಿಸಿದಳು. ಉಡಿಯಲ್ಲಿದ್ದುದನ್ನು ಕೆಳಗಿಡಲಿಲ್ಲ. ಇಳಕಲ್ ಸೀರೆಯ ತುಂಡಿನ ಮೇಲೆ ಬೆರಳಾಡಿಸಿ, “ಇದು ದೊಡ್ಡವ್ವಾರ ಸೀರಿ ಅಲ್ಲೇನ?” ಎಂದಳು. ಹಟ್ಟಿಯ ಉಳಿದವರೂ ಒಬ್ಬೊಬ್ಬರಾಗಿ ಉಡಿಯೊಡ್ಡಿದರು. ಪಂಡಿತರು ಆ ದಿನ ಊಟಕ್ಕೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿಕೊಂಡರು.

ಆದರೆ ಕೆಮ್ಮು ನಿಲ್ಲಲಿಲ್ಲ. ಇನ್ನಷ್ಟು ಗಟ್ಟಿಯಾಯಿತು. ವಾರ ಕಳೆದ ಮೇಲೆ ಒಂದು ಮುಂಜಾನೆ ಪಂಡಿತರು ಪೂಜೆ ಮುಗಿಸಿ ಚಾವಡಿಗೆ ಹೋದರು. ಕಟ್ಟೆ ಹತ್ತುತ್ತಲೇ ಊದುಬತ್ತಿಯ ವಾಸನೆ ಮೂಗಿಗೆ ಬಡಿಯಿತು.

ಗೋಡೆಯುದ್ದಕ್ಕೂ ಮಣೆ ಹಾಕಿದ್ದರು. ಮಣೆಗೊಂದು ಕೌದಿ, ನಾಲ್ಕು ಮಡಿಕೆ ಮಡಚಿ ಕೂರಿಸಿದ್ದು. ಒಂದೊಂದರ ನೆತ್ತಿಯ ಮೇಲೂ ಮೂರು ಬೆರಳ ವಿಭೂತಿ, ಬಿಲ್ವಪತ್ರೆ, ಮುಂದೆ ಹಣತೆ. ಅವುಗಳ ಎದುರು ಹಟ್ಟಿಯ ಜನ ಗೋಣಿತಟ್ಟು ಹೊದ್ದು, ಮೊಣಕಾಲು ಎದೆಗೊತ್ತಿ, ಗಡಗಡ ನಡುಗುತ್ತ ಕುಳಿತಿದ್ದರು. ನೆಲೋಗಿಯಿಂದ ಬಸ್ಸಿಗೆ ಬಂದ ಅಪರಿಚಿತ ಗಂಡಹೆಂಡಿರು ಮೃತ್ಯುಂಜಯನೆಂಬ ಕೌದಿಯ ಮುಂದೆ ತೆಂಗಿನಕಾಯಿ ಒಡೆದು, ಮಗನ ಜ್ವರ ಇಳಿಯಲೆಂದು ಬೇಡಿಕೊಳ್ಳುತ್ತಿದ್ದರು.

ಅಂಗೈಯೊಳಗಿನ ಲಿಂಗವೊಂದೇ ದೇವರು, ಕಂಡ ಕಂಡ ಕಲ್ಲಿಗೂ ಕಟ್ಟಿಗೆಗೂ ಕೈಮುಗಿಯಬೇಡಿರೆಂದು ಮೂರು ತಾಲೂಕುಗಳಲ್ಲಿ ಹೇಳಿಕೊಂಡು ಬಂದ ಮನುಷ್ಯ ಶಾಂತಲಿಂಗಪ್ಪ ಪಂಡಿತರು. ಒಂದೇ ಮಧ್ಯಾಹ್ನದಲ್ಲಿ ತಾವು ಇಷ್ಟು ಹೊಸ ದೇವರುಗಳನ್ನು ಹುಟ್ಟಿಸಿಬಿಟ್ಟಿದ್ದನ್ನು ಕಂಡು ಅವರು ಅಲ್ಲೇ ನಿಂತಿದ್ದ ಅಣ್ಣಾರಾಯನ ಕಡೆ ತಿರುಗಿದರು.

“ಇದೇನ್ರಿ ಅಣ್ಣಾರಾಯರ?”

“ಭಕ್ತಿರಿ, ಪಂಡಿತರ!” ಎಂದ ಅಣ್ಣಾರಾಯ ಉತ್ಸಾಹದಿಂದ. ಕರಿಹಲಗೆಯ ಮೇಲೆ ಈಗ ‘ಶ್ರೀ ಕೌದೀಶ್ವರ ಸನ್ನಿಧಿ’ ಎಂದಿತ್ತು. “ಸೋಮವಾರ ಭಜನಿಗಿ ಜೇವರ್ಗಿ ಮ್ಯಾಳಕ್ಕ ಹೇಳೇನಿ.”

ಪಂಡಿತರು ನಿಂತಲ್ಲೇ ಉಪನ್ಯಾಸ ಆರಂಭಿಸಿದರು. ಕೌದಿ ದೇವರಲ್ಲ, ದೇಹವೇ ದೇವಾಲಯ, ದೇವಾಲಯವನ್ನು ಬೆಚ್ಚಗಿಡುವುದೇ ಪೂಜೆ. ವಾಕ್ಯದಿಂದ ವಾಕ್ಯಕ್ಕೆ ಅವರ ಕಂಠ ಏರಿತು. ಜನ ಕಣ್ಣೀರು ಹಾಕಿ ಕೇಳಿದರು. ಮುಗಿದ ಮೇಲೆ ಒಬ್ಬಳು ಎದ್ದು ಇಂಥ ಮಾತು ಆಡಿಸಿದ ದೇವರಿಗೆ ಇನ್ನೊಂದು ಹಣತೆ ಹಚ್ಚಿದಳು.

ಸೋತ ಪಂಡಿತರು ನಿಂಬೆವ್ವನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತರು. ಅವಳ ಮೈ ಕಾದಿತ್ತು, ಕೈ ತಣ್ಣಗಿತ್ತು.

“ಯವ್ವಾ, ಹೊಚ್ಕೋಬೇ. ನಿನ್ನ ಸಲುವಾಗೇ ಮಾಡಿದ್ದು.”

“ಏನಂತ ಹೊಚ್ಕೊಳ್ಳಿ ಪಂಡಿತಪ್ಪಾರ? ಲೋಕಾನ ಹೊತ್ತಾಂವ ಅಂತ ನೀವೇ ಅಂದೀರಿ. ಲೋಕಾ ಹೊತ್ತಾಂವನ್ನ ನಾ ಕಾಲಿಗಿ ಎಳಕೊಂಡು ಮಲಗ್ಲೇನು? ಮಗ್ಗಲಾ ಹೊಳ್ಳಿದ್ರ ಮೊಣಕಾಲ ಬಡೀತದ. ಕೆಮ್ಮಿದ್ರ ಎಂಜಲಾ ಸಿಡೀತದ.” ಅವಳು ಕೆಮ್ಮಿ ಸುಧಾರಿಸಿಕೊಂಡಳು. “ದೊಡ್ಡ ಹೆಸರಿಗಿ ನಾ ಮೊದಲಿಂದ ಅಂಜತೇನಿ. ನಿಮಗೂ ಅಜ್ಜಾರ ಹೆಸರಿಟ್ಟಾಗ ಮುಟ್ಟಾಕ ಅಂಜಿದ್ದೆ. ತಿಪ್ಪಿ ಮ್ಯಾಗಿಂದ ಎತ್ತಿಕೊಂಡ ಮ್ಯಾಲೇ ನೀವು ನನ್ನ ಎದಿಗಿ ಹತ್ತಿದ್ದು.”

ಕೊನೆಯ ಮಾತನ್ನು ಅವಳು ಬೇರೆ ಯಾರಿಗೂ ಕೇಳದಂತೆ ಹೇಳಿದಳು. ಇಷ್ಟು ವರ್ಷ ಕಾದುಕೊಂಡು ಬಂದ ಮರ್ಯಾದೆಯನ್ನು ಜ್ವರದಲ್ಲೂ ಕಾಯ್ದಳು. ಪಂಡಿತರು ಶಲ್ಯ ಕೊಡವಿ ಎದ್ದರು.

ಪಂಡಿತರು ದೃಷ್ಟಿ ತಾಗುವುದನ್ನು ನಂಬುತ್ತಿರಲಿಲ್ಲ. ಆದರೆ ನಂಬುವವರು ಏನು ಮಾಡುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಹೆಸರಿಟ್ಟು ವಾರ ಆತು” ಎಂದರು ಚಾವಡಿಗೆಲ್ಲ ಕೇಳುವಂತೆ. “ಈ ಕೂಸುಗಳು ಒಬ್ಬರ ಮಗ್ಗಲದಾಗೂ ಮಲಗಿಲ್ಲ. ಮಣಿ ಮ್ಯಾಲ ಕುಂತಲ್ಲೇ ಕುಂತಾವ. ಹಗಲೆಲ್ಲಾ ಕಂಡವರ ಕಣ್ಣ ಇವುಗಳ ಮ್ಯಾಲೇ. ಹಿಂಗಾದ್ರ ಕೂಸಿಗಿ ಏನಾಗ್ಯದ ಅಂತಾರ?”

“ದೃಷ್ಟಿ ಆಗ್ಯದ ಅಂತಾರ್ರಿ” ಎಂದಿತು ಒಂದು ಹೆಣ್ಣು ದನಿ.

“ದೃಷ್ಟಿ ಆದ ಕೂಸಿಗಿ ಏನ್ ಮಾಡ್ತೀರಿ?”

“ತಿಪ್ಪಿ ಮ್ಯಾಲ ಹಾಕ್ತೀವ್ರಿ” ಎಂದು ಎರಡು ಮೂರು ಬಾಯಿಗಳು ಒಟ್ಟಿಗೆ ಹೇಳಿದವು.

“ಮತ್ತ ಏಳ್ರಿ!”

ಕೌದಿಗಳನ್ನು ಎದೆಗೊತ್ತಿಕೊಂಡ ಹೆಂಗಸರ ಮೆರವಣಿಗೆ ಪಂಡಿತರ ಹಿತ್ತಲಿನ ಕಡೆ ಹೊರಟಿತು. ಅಣ್ಣಾರಾಯ ಹಿಂದಿನಿಂದ ಓಡಿಬಂದ.

“ಪಂಡಿತರ! ಜೇವರ್ಗಿ ಮ್ಯಾಳದವರಿಗಿ ಏನ್ ಹೇಳ್ಲಿ? ತಿಪ್ಪಿ ಮುಂದ ಕೂಡಿಸ್ಲೇನು?”

“ಕೂಡಿಸ್ರಿ. ದನಿ ಚಲೋ ಇದ್ರ ನಮ್ಮ ಎಮ್ಮಿನೂ ಕೇಳ್ತದ.”

ಪಂಡಿತರು ಹಾಲಿನಂಥ ಬಿಳಿಯ ಧೋತರವನ್ನು ಮೊಣಕಾಲಿಗೆ ಎತ್ತಿಕಟ್ಟಿ ತಿಪ್ಪೆ ಹತ್ತಿದರು. ಎರಡನೆಯ ಹೆಜ್ಜೆಗೆ ಪಾದ ಕಣಕಾಲಿನವರೆಗೆ ಇಳಿಯಿತು.

“ಏನ್ರಿ, ಅದು ನಿನ್ನಿ ಹಾಕಿದ ಸಗಣಿ! ಅತ್ತಾಗ ಒಣಾದರ ಮ್ಯಾಲ ನಿಲ್ರಿ!” ಎಂದು ಸುಭದ್ರಾಬಾಯಿ ಹಿತ್ತಲ ಬಾಗಿಲಿನಿಂದ ಕೂಗಿದರು. ಕೌದಿಗಳು ಎಲ್ಲಿಗೆ ಬರುತ್ತಿವೆ ಎಂಬುದು ಕಣ್ಣಿಗೆ ಬಿದ್ದದ್ದೇ ಅವರ ದನಿ ಬೇರೆಯಾಯಿತು. “ಅಯ್ಯ ನನ್ನ ಶಿವನ! ಬೆರಳ ತೂತಾಗೂಹಂಗ ಹೊಲದೇವಿ!”

“ಯಾ ಅಲ್ಲಾ” ಎಂದು ಖಾಸೀಂಬಿ ಹಣೆ ಬಡಿದುಕೊಂಡಳು. “ಓದಿ ಓದಿ ಪಂಡಿತರಿಗಿ ಹಿಂಗ ಆಗ್ಯದ. ಅಕ್ಕಾ, ಕೆಳಗ ಕಣಕಿನರ ಹಾಸೂಣು ನಡಿ!”

ಇಬ್ಬರೂ ಜೋಳದ ಕಣಿಕೆಯ ಸಿವುಡುಗಳನ್ನು ತಂದು ತಿಪ್ಪೆಯ ಮೇಲೆ ಹರಡಿದರು. ನೀಲಲೋಹಿತ, ಚಂದ್ರಚೂಡ, ಕೃತ್ತಿವಾಸ, ಮೃತ್ಯುಂಜಯ ಎಲ್ಲರೂ ವಿಭೂತಿ ಬಿಲ್ವಗಳ ಸಮೇತ ಸಾಲಾಗಿ ಮಲಗಿದರು. ವಿಶ್ವಂಭರನನ್ನು ಪಂಡಿತರು ತಾವೇ ಮಲಗಿಸಿ ಕೆಳಗಿಳಿದರು.

“ಇನ್ನ ಇವು ನನ್ನ ಮನಿವಲ್ಲ. ದೇವರೂ ಅಲ್ಲ, ಧರ್ಮಾನೂ ಅಲ್ಲ. ತಿಪ್ಪಿ ಮ್ಯಾಲ ಬಿದ್ದಾವ. ಬೇಕಾದವರು ತೌಡ ಕೊಟ್ಟು ಎತ್ತಿಕೊಳ್ಳಲಿ. ಎತ್ತಿಕೊಂಡವರೇ ಹೆಸರಿಡಲಿ. ನಾ ಇಡಂಗಿಲ್ಲ.”

ಯಾರೂ ಮುಂದೆ ಬರಲಿಲ್ಲ. ಎಲ್ಲರ ಕಣ್ಣು ನಿಂಬೆವ್ವನ ಮೇಲೆ. ಅವಳು ತಿರುಗಿ ಚಾವಡಿಯ ಕಡೆ ನಡೆದಳು. ಮಂಜು ಕರಗುತ್ತಿದ್ದ ಹಿತ್ತಲಲ್ಲಿ ಎಮ್ಮೆಯ ಮೆಲುಕಿನ ಸದ್ದು ಮಾತ್ರ ಕೇಳುತ್ತಿತ್ತು. ತುಸು ಹೊತ್ತಿಗೆ ಅವಳು ಮರಳಿ ಬಂದಳು. ಕೈಯಲ್ಲಿ ಮೊರ, ಮೊರದಲ್ಲಿ ತೌಡು. ಹಿಂದೆ, ತನ್ನ ಪಾಲಿನ ತೌಡು ಎಲ್ಲಿಗೆ ಹೊರಟಿತೆಂದು ವಿಚಾರಿಸುತ್ತ ಅವಳ ಆಡು.

ಮೊರವನ್ನು ಸುಭದ್ರಾಬಾಯಿಯ ಕೈಗೆ ಕೊಟ್ಟು, ಆಡಿನ ಮೂತಿಯನ್ನು ಅತ್ತ ತಳ್ಳಿ, ನಿಂಬೆವ್ವ ತಿಪ್ಪೆಯ ಅಂಚಿಗೆ ಬಗ್ಗಿ ಇಳಕಲ್ ಸೀರೆಯ ಕೌದಿಯನ್ನು ಎತ್ತಿಕೊಂಡಳು. ಬಿಲ್ವಪತ್ರೆ ಉದುರಿತು. ಆಡು ಅದನ್ನು ತಿಂದಿತು.

“ಹೆಸರ ಹೇಳಾಯಿ” ಎಂದ ಅಣ್ಣಾರಾಯ. ಹಲಗೆಗೆ ಬೇಕಾಗಿತ್ತೇನೋ.

“ತಿಪ್ಪಿ ಮ್ಯಾಲ ಸಿಕ್ಕಾಂವಗ ತಿಪ್ಪ್ಯಾ ಅಂತೇ ಕರೀಬೇಕು” ಎಂದಳು ನಿಂಬೆವ್ವ ನಿಧಾನವಾಗಿ. “ಖರೆ, ಆ ಹೆಸರಿನಾಂವ ನನಗ ಮೊದಲೇ ಒಬ್ಬ ಅದಾನ. ಅವನ ಹೆಸರ ಅವನಿಗೆ ಕೇಳದ ಇನ್ನೊಬ್ಬಗ ಹ್ಯಾಂಗ ಇಡ್ಲಿ?”

“ಯಾರಾ ಅವಾ?” ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. “ನಿನ್ನ ಮಗನ ಹೆಸರ ಬೇರೆ ಇತ್ತಲ್ಲಬೇ?”

ನಿಂಬೆವ್ವ ಯಾರ ಕಡೆಗೂ ನೋಡಲಿಲ್ಲ. ಕೌದಿಯನ್ನು ಎದೆಗೊತ್ತಿ ನೆಲ ನೋಡುತ್ತ ನಿಂತಳು, ಇಲ್ಲವೆಂದರೆ ಮರಳಿ ಇಟ್ಟುಬಿಡುವವಳಂತೆ. ಮೂರು ತಾಲೂಕಿಗೆ ಹೆಸರು ಹಂಚಿದ ಬಾಯಿ ಈಗ ತನ್ನದೇ ಹೆಸರು ಹೇಳಬೇಕಾಗಿತ್ತು. ಅಣ್ಣಾರಾಯ ಎದುರಿಗೇ ನಿಂತಿದ್ದ. ಅವನು ಕೇಳಿದ್ದನ್ನು ಸಂಜೆಯೊಳಗೆ ಅಫಜಲಪುರ ಕೇಳುತ್ತದೆ, ಮರುದಿನ ಆಳಂದ ಕೇಳುತ್ತದೆ. ನಿಂಬೆವ್ವ ಒಮ್ಮೆ ಕೆಮ್ಮಿದಳು.

“ಯವ್ವಾ” ಎಂದರು ಪಂಡಿತರು. “ಅವನು ಒಲ್ಲೆ ಅನ್ನಂಗಿಲ್ಲ. ಇವನು ಅವನ ತಮ್ಮ. ಸಣ್ಣ ತಿಪ್ಪ್ಯಾ ಅಂತ ಕರೀಬೇ. ದೊಡ್ಡ ತಿಪ್ಪ್ಯಾ ನಾನೇ ಅದೇನಿ.”

ಸುಭದ್ರಾಬಾಯಿಯ ಕೈಯ ಮೊರ ಓರೆಯಾಯಿತು. ಮದುವೆಯಾಗಿ ಇಷ್ಟು ಕಾಲ ಅವರಿಗೂ ತಿಳಿಯದ ಹೆಸರದು. ಗಂಗಾಬಾಯಿ ಬಾಯಿ ಮುಚ್ಚಿಕೊಂಡಳು. ಅಣ್ಣಾರಾಯ, “ದೊಡ್ಡ… ಏನಂದ್ರಿ ಪಂಡಿತರ?” ಎಂದು ಕಿವಿ ಮುಂದೆ ಚಾಚಿದ.

“ತಿಪ್ಪ್ಯಾ” ಎಂದು ಪಂಡಿತರು ಸ್ಫುಟವಾಗಿ, ಪಾಠ ಹೇಳುವವರಂತೆ ಹೇಳಿದರು. “ಮುಂದ ಸಣ್ಣದು ಹುಟ್ಟಿದ ಮ್ಯಾಲ ‘ದೊಡ್ಡ’ ಬಂದದ.”

ಮೊದಲು ನಕ್ಕವಳು ಖಾಸೀಂಬಿ. ಆಮೇಲೆ ಹಿತ್ತಲೆಲ್ಲ ನಕ್ಕಿತು. ಆ ನಗೆಯ ನಡುವೆ ನಿಂಬೆವ್ವ ಕೌದಿಯನ್ನು ಜಾಡಿಸಿ, ವಿಭೂತಿಯನ್ನು ಸೆರಗಿನಿಂದ ಒರೆಸಿ, ಹಗಲಿನಲ್ಲೇ ತಲೆತುಂಬ ಹೊದ್ದುಕೊಂಡಳು. ಉಳಿದವರು ಯಾವ ಹಿಟ್ಟು ಯಾವ ಹೊಟ್ಟು ಎಂದು ನೋಡದೆ ಹಿಡಿಹಿಡಿ ತಂದು ಸುರಿದು ತಮ್ಮ ತಮ್ಮದನ್ನು ಎತ್ತಿಕೊಂಡರು. ನೀಲಲೋಹಿತ ಗುಂಡ್ಯಾ ಆದ, ಚಂದ್ರಚೂಡ ಕಲ್ಲ್ಯಾ ಆದ. ನೆಲೋಗಿಯ ದಂಪತಿಗಳು ಮಾತ್ರ ಒಡೆದ ಕಾಯಿ ಯಾರಿಗೆ ಸಂದಿತೆಂದು ವಿಚಾರಿಸುತ್ತ ಬಸ್ಸಿನ ಕಡೆ ನಡೆದರು.

ಮರುದಿನ ಪಂಡಿತರು ಪೂಜೆಗೆ ಕುಳಿತಾಗ ಕೆಮ್ಮು ಕೇಳಲಿಲ್ಲ. ನೆಮ್ಮದಿಯಿಂದ ಪೂಜೆ ಮುಗಿಯಬೇಕಾಗಿತ್ತು, ಆದರೆ ಕೆಮ್ಮಿಲ್ಲದ ಮೌನ ಅವರನ್ನು ಇನ್ನಷ್ಟು ಕಾಡಿತು. ಬಿಸಿಲು ಅಂಗಳಕ್ಕೆ ಬಂದರೂ ಚಾವಡಿಯ ಆಡು ಒಂದೇ ಸಮನೆ ಒದರುತ್ತಿತ್ತು. ಕೋಳಿ ಕೂಗುವ ಮೊದಲೇ ಏಳುವ ನಿಂಬೆವ್ವ ಅದಕ್ಕೆ ನೀರು ತೋರಿಸಿರಲಿಲ್ಲ. ಲಿಂಗವನ್ನು ಕರಡಿಗೆಯಲ್ಲಿಟ್ಟು, ಶಲ್ಯ ಹೊದೆಯುವುದನ್ನೂ ಮರೆತು ಪಂಡಿತರು ಓಡಿದರು.

ನಿಂಬೆವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೌದಿಯ ಒಂದು ಅಂಚು ತಲೆಯ ಕೆಳಗೆ, ಇನ್ನೊಂದು ಅಂಚು ಎರಡೂ ಕಾಲುಗಳ ನಡುವೆ ಸಿಕ್ಕಿತ್ತು. ಪಂಡಿತರು ಬಗ್ಗಿ ಕಿವಿಗೊಟ್ಟರು. ಇಳಕಲ್ ಸೀರೆಯ ಕೆಂಪು ತುಂಡು ಮೇಲೇರಿತು, ಕೆಳಗಿಳಿಯಿತು. ಆಮೇಲೆ ಒಂದು ದೀರ್ಘವಾದ, ತೃಪ್ತವಾದ ಗೊರಕೆ ಹೊರಬಿತ್ತು.

“ಯವ್ವಾ” ಎಂದರು ಪಂಡಿತರು, ತಡೆಯಲಾರದೆ.

ಕೌದಿಯ ಒಳಗಿನಿಂದ ದನಿ ಬಂತು. “ಲೇ ತಿಪ್ಪ್ಯಾ, ಗದ್ದಲ ಹಾಕಬ್ಯಾಡ. ಆಡಿಗಿ ನೀರ ಕುಡಿಸು. ನಾ ಇನ್ನೊಂದು ಚೂರು ಮಲಗ್ತೇನಿ.”

“ಹೂಂ ಯವ್ವಾ.”

ಪಂಡಿತರು ಧೋತರ ಎತ್ತಿಕಟ್ಟಿ, ಆಡಿನ ಹಗ್ಗ ಹಿಡಿದು ಬಾವಿಯ ಕಡೆ ನಡೆದರು. ಅಣ್ಣಾರಾಯ ಕರಿಹಲಗೆ ಒರೆಸುತ್ತ ಚಾವಡಿಯ ಕಟ್ಟೆಯ ಮೇಲೆ ನಿಂತಿದ್ದ. ಕಣ್ಣಲ್ಲಿ ನಗು ತುಂಬಿಕೊಂಡು ಕೇಳಿದ:

“ಪಂಡಿತರ, ಈ ಆಡಿನ ಹೆಸರೇನ್ರಿ?”

ಪಂಡಿತರು ಆಡಿನ ಕೊಂಬು, ಗಡ್ಡ, ಕಣ್ಣುಗಳನ್ನು ಒಮ್ಮೆ ಸಾವಧಾನವಾಗಿ ನೋಡಿದರು. ಅಭ್ಯಾಸಬಲದಿಂದ ನಾಲಗೆಯ ತುದಿಯವರೆಗೆ ಏನೋ ಬಂದಿತ್ತು. ಅದನ್ನು ಅಲ್ಲೇ ತಡೆದರು.

“ಆಡು” ಎಂದರು.